ಓದುಗರ ಪ್ರಶ್ನೆ: ಟೂರ್‌ನಲ್ಲಿ ಖರ್ಚು ಮಾಡಿದ ದುಡ್ಡು ಆ ಊರಲ್ಲೇ ಉಳಿಯತ್ತಾ?

ರಜೆ ಮುಗೀತಿದ್ದ ಹಾಗೇ ತಿರುಗಾಟದ ಬಗ್ಗೆ ಪತ್ರಗಳು ಜಾಸ್ತಿ ಬರ್ತವೆ. ಈ ಸಲ ಬಂದಿದ್ರಲ್ಲಿ ಒಂದೇ ವಿಷಯ ಬೇರೆ ಬೇರೆ ರೀತಿ ಕೇಳಿದೀರಿ, ನಾವು ಹೋಗಿ ಬಂದ್ರೆ ಆ ಊರಿನವ್ರಿಗೆ ಏನಾದ್ರೂ ಸಿಗತ್ತಾ, ಇಲ್ಲಾ ಬರೀ ತೊಂದ್ರೆನಾ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಕೆಲವ್ರು ಕೇಳಿದ್ರಿಂದ ಎಲ್ರದ್ದೂ ಊರಷ್ಟೇ ಹಾಕಿದೀನಿ.

ಪ್ರಶ್ನೆ: ಮೇಡಂ, ನಾವಿಬ್ರೂ ಐಟಿಯಲ್ಲಿರೋದು. ಲಾಂಗ್ ವೀಕೆಂಡ್ ಬಂದ್ರೆ ಚಿಕ್ಕಮಗಳೂರು, ಕೊಡಗು ಅಂತ ಹೊರಟುಬಿಡ್ತೀವಿ. ರೆಸಾರ್ಟ್ ಬೇಡ, ಲೋಕಲ್ ಜನಕ್ಕೆ ಅನುಕೂಲ ಆಗ್ಲಿ ಅಂತ ಹೋಮ್‌ಸ್ಟೇನೇ ಬುಕ್ ಮಾಡೋದು. ಆದ್ರೆ ಹೋದ ಸಲ ಹೋದ ಕಡೆ ಓನರ್ ಮುಖಾನೇ ನೋಡ್ಲಿಲ್ಲ. ಕೀ ಕೊಟ್ಟ ಹುಡುಗ ಬೇರೆ ರಾಜ್ಯದವನು, ಊಟ ಪಾರ್ಸಲ್ ಬಂತು. ನಾವು ಕೊಟ್ಟ ದುಡ್ಡು ಯಾರಿಗೆ ಹೋಯ್ತು? ಮೊದ್ಲೇ ತಿಳ್ಕೊಳ್ಳೋದು ಹೇಗೆ? (ಬೆಂಗಳೂರು)

ಉತ್ತರ: ನೀವು ಹೇಳಿದ್ದನ್ನ ನೋಡಿದ್ರೆ ಅದು ಯಾರೋ ಲೀಸ್‌ಗೆ ತಗೊಂಡು ನಡೆಸ್ತಿರೋ ಬಾಡಿಗೆ ಬಂಗಲೆ. ಈಗ ಮಲೆನಾಡಲ್ಲಿ ಇಂಥವು ತುಂಬಾ ಆಗಿವೆ, ತೋಟದ ಮನೆ ಖಾಲಿ ಬಿದ್ದಿರತ್ತೆ, ಮಕ್ಕಳು ಬೆಂಗಳೂರಲ್ಲೋ ಅಮೆರಿಕಾದಲ್ಲೋ ಸೆಟ್ಲ್ ಆಗಿರ್ತಾರೆ, ಯಾರೋ ಬಂದು ವರ್ಷಕ್ಕಿಷ್ಟು ಅಂತ ಮಾತಾಡಿ ತಗೊಂಡು ಬಣ್ಣ ಹೊಡೆಸಿ ಆ್ಯಪ್‌ಗೆ ಹಾಕ್ತಾರೆ. ಕೀ ಕೊಟ್ಟ ಹುಡುಗನ ಮೇಲೆ ಬೇಜಾರು ಬೇಡ, ಅವನೂ ಮನೆ ಬಿಟ್ಟು ದುಡಿಯೋಕೆ ಬಂದವ್ನು.

ದುಡ್ಡಿನ ದಾರಿ ಒಂದ್ಸಲ ಹಿಡ್ಕೊಂಡು ಹೋಗಿ ನೋಡಿ. ಎರಡು ರಾತ್ರಿಗೆ 10,000 ಕೊಟ್ರಿ ಅಂತ ಇಟ್ಕೊಳ್ಳೋಣ. ಆ್ಯಪ್‌ನವ್ರ ಕಮಿಷನ್ ಮೊದ್ಲೇ ಕಟ್ ಆಯ್ತು, ಮಿಕ್ಕಿದ್ದು ಲೀಸ್ ಪಾರ್ಟಿಯ ಬೆಂಗಳೂರಿನ ಅಕೌಂಟ್‌ಗೆ ಹೋಯ್ತು, ಪೆಟ್ರೋಲ್ ನೆಲಮಂಗಲದಲ್ಲೇ ಹಾಕಿಸಿದ್ರಿ, ನೀರಿನ ಬಾಟಲಿ ಚಿಪ್ಸು ಎಲ್ಲಾ ಹಾಸನದ ಸೂಪರ್‌ಮಾರ್ಕೆಟ್ಟಲ್ಲಿ ತಗೊಂಡ್ರಿ, ಹೀಗೆ ಬದು ಒಡೆದ ಗದ್ದೆ ನೀರಿನ ಹಾಗೆ ಎಲ್ಲಾ ಆಚೆಗೇ ಹರಿದುಹೋದ್ರೆ ಆ ಊರಿಗೆ ಉಳಿದಿದ್ದು ಪಾರ್ಸಲ್ ಕೊಟ್ಟ ಹೋಟೆಲಿನ ಬಿಲ್ಲು ಮತ್ತೆ ನೀವು ಬಿಟ್ಟು ಬಂದ ಕಸ, ಅಷ್ಟೇ.

ಕೇಂದ್ರ ಸರ್ಕಾರದ ಹೋಮ್‌ಸ್ಟೇ ಸ್ಕೀಮಲ್ಲಿ ಷರತ್ತು ಸ್ಪಷ್ಟ ಇದೆ, 1ರಿಂದ 6 ರೂಮು, ಹೆಚ್ಚೆಂದ್ರೆ 12 ಹಾಸಿಗೆ, ಯಜಮಾನರ ಕುಟುಂಬ ಅದೇ ಮನೇಲಿ ವಾಸ ಇರಬೇಕು. ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲೂ ಹೋಮ್‌ಸ್ಟೇ ರಿಜಿಸ್ಟರ್ ಮಾಡಿಸ್ಬೇಕು. ಬುಕ್ ಮಾಡೋಕೆ ಮುಂಚೆ ಒಂದು ಫೋನ್ ಮಾಡಿ. ರಿಜಿಸ್ಟ್ರೇಷನ್ ಇದ್ಯಾ ಅಂತ ಮೊದ್ಲು ಕೇಳಿ, ಆಮೇಲೆ ನಾವು ಬಂದಾಗ ಮನೆಯವ್ರು ಯಾರಾದ್ರೂ ಇರ್ತೀರಾ, ಅಡುಗೆ ಯಾರು ಮಾಡ್ತಾರೆ, ತರಕಾರಿ ಹಾಲು ಎಲ್ಲಿಂದ ತರ್ತೀರಿ, ಜೀಪ್ ಬೇಕಾದ್ರೆ ಊರಿನವ್ರದ್ದೇ ಸಿಗತ್ತಾ ಅಂತ ಮಾತಾಡ್ತಾ ಕೇಳಿ. ಇದೇನು ಇಂಟರ್‌ವ್ಯೂ ಅಲ್ಲ, ಎರಡು ನಿಮಿಷದ ಮಾತು, ಆದ್ರೆ ಅಷ್ಟರಲ್ಲೇ ತಿಳಿದುಹೋಗತ್ತೆ. ಮನೆಯವ್ರೇ ಆದ್ರೆ ಹಾಲು ಪಕ್ಕದ ಮನೆದು, ಕಾಳುಮೆಣಸು ನಮ್ಮ ತೋಟದ್ದೇ, ನಿಮಗೆ ಮೀನು ಬೇಕಾದ್ರೆ ಶುಕ್ರವಾರ ಸಂತೇಲಿ ತರಿಸ್ತೀವಿ ಅಂತ ತಾವಾಗೇ ಹೇಳ್ತಾ ಹೋಗ್ತಾರೆ. ಲೀಸ್ ಪಾರ್ಟಿ ಆದ್ರೆ ರೇಟು, ಚೆಕ್‌ಇನ್ ಟೈಮು, ಕ್ಯಾಂಪ್‌ಫೈರ್‌ಗೆ ಎಕ್ಸ್‌ಟ್ರಾ ಎಷ್ಟು, ಇಷ್ಟೇ. ಒಂದ್ಸಲ ಇಷ್ಟ ಆದ ಮನೆ ನಂಬರ್ ಇಟ್ಕೊಂಡು ಮುಂದಿನ ಸಲ ನೇರವಾಗಿ ಫೋನ್ ಮಾಡಿ ಹೋಗಿ, ಕಮಿಷನ್ ಆ ಮನೆಗೇ ಉಳಿಯತ್ತೆ.

ಇದನ್ನ ಊರಿಗೆ ಊರೇ ಸೇರಿ ಮಾಡಿರೋದು ಲಡಾಖ್‌ನಲ್ಲಿ ಇದೆ. ಹೆಮಿಸ್ ನ್ಯಾಷನಲ್ ಪಾರ್ಕ್ ಒಳಗೆ ರುಂಬಕ್ ಅಂತ ಒಂದು ಹಳ್ಳಿ. ಅಲ್ಲಿ ಹಿಮಚಿರತೆ ಬಂದು ಕೊಟ್ಟಿಗೆಗೆ ನುಗ್ಗಿ ಕುರಿ ಮೇಕೆ ತಿಂದುಹಾಕ್ತಿತ್ತು, ಜನಕ್ಕೆ ಅದರ ಮೇಲೆ ಸಿಟ್ಟು. 2000ರ ದಶಕದ ಶುರುವಲ್ಲಿ ಹಿಮಚಿರತೆ ಉಳಿಸೋ ಕೆಲಸದವ್ರು ಊರಿನವ್ರ ಜೊತೆ ಕೂತು ಮನೆಗಳಲ್ಲೇ ಅತಿಥಿಗಳನ್ನ ಇಟ್ಕೊಳ್ಳೋ ಏರ್ಪಾಡು ಮಾಡಿದ್ರು. ನನಗೆ ತುಂಬಾ ಹಿಡಿಸಿದ್ದು ಅವರ ಸರದಿ ಪದ್ಧತಿ. ಇವತ್ತು ಬಂದವ್ರು ಈ ಮನೆಗೆ, ನಾಳೆ ಬಂದವ್ರು ಮುಂದಿನ ಮನೆಗೆ, ಹಾಗಾಗಿ ರಸ್ತೆ ಪಕ್ಕ ಮನೆ ಇರೋನು ಅಥವಾ ಇಂಗ್ಲಿಷ್ ಬರೋನು ಒಬ್ನೇ ದುಡ್ಡು ಮಾಡೋದಲ್ಲ. ಬಂದ ಆದಾಯದಲ್ಲಿ ನೂರಕ್ಕೆ ಹತ್ತು ಊರಿನ ನಿಧಿಗೆ ಹೋಗತ್ತೆ. ಹಿಮಚಿರತೆ ನೋಡೋಕೆ ಜನ ಬರ್ತಾರೆ ಅಂತಾದ ಮೇಲೆ ಅದನ್ನ ಕೊಲ್ಲೋ ಮಾತು ಹಿಂದೆ ಸರೀತು. ಕೇರಳದವ್ರು ಕುಮರಕಂನಲ್ಲಿ 2008ರಲ್ಲಿ ಬೇರೆ ದಾರಿ ಹಿಡಿದ್ರು, ಕುಟುಂಬಶ್ರೀ (ಅಲ್ಲಿನ ಮಹಿಳಾ ಸ್ವಸಹಾಯ ಸಂಘ) ಹೆಂಗಸರು ಪಾಳು ಬಿದ್ದ ಗದ್ದೆಯಲ್ಲಿ ತರಕಾರಿ ಬೆಳೆಯೋದು, ಸುತ್ತಮುತ್ತ ಹೋಟೆಲು ರೆಸಾರ್ಟಿನವ್ರು ಅದನ್ನ ಮೊದ್ಲೇ ಮಾತಾಡಿಕೊಂಡ ರೇಟಿಗೆ ಕೊಳ್ಳೋದು. 2017ರಲ್ಲಿ ಅದಕ್ಕೇ ಅಂತ ಸರ್ಕಾರದ ಒಂದು ಮಿಷನ್ನೇ ಆಯ್ತು. ಅಂದ್ರೆ ರೆಸಾರ್ಟಿಗೆ ಹೋದ್ರೂ ಕೇಳಬಹುದು ನೀವು, ಬೆಳಗ್ಗೆ ತಿಂಡಿಗೆ ಹಾಕಿದ ಪಪ್ಪಾಯ ಎಲ್ಲಿದು ಅಂತ. ಹತ್ತು ಗೆಸ್ಟು ಕೇಳಿದ್ರೆ ಮ್ಯಾನೇಜರ್ ಯೋಚನೆ ಮಾಡೋಕೆ ಶುರು ಮಾಡ್ತಾನೆ.

ಪ್ರಶ್ನೆ: ಅಕ್ಕಾ, ನಮ್ಮದು ಸಾಗರದ ಹತ್ರ ಹಳ್ಳಿ, ಅಡಿಕೆ ತೋಟ ಇದೆ. ಹೋದ ವರ್ಷದಿಂದ ಎರಡು ರೂಮು ಅತಿಥಿಗಳಿಗೆ ಕೊಡ್ತಿದೀವಿ. ಬಂದವ್ರಲ್ಲಿ ಕೆಲವ್ರು ಪನೀರ್ ಇಲ್ವಾ, ಮಕ್ಕಳಿಗೆ ನೂಡಲ್ಸ್ ಇಲ್ವಾ ಅಂತಾರೆ. ನಮ್ಮನೆಯವ್ರು ಒಬ್ಬ ಅಡುಗೆ ಭಟ್ರನ್ನ ಇಟ್ಟು ನಾರ್ತ್ ಇಂಡಿಯನ್ ಶುರು ಮಾಡೋಣ ಅಂತಿದಾರೆ. ಮಾಡ್ಬೇಕಾ? (ಸಾಗರ ತಾಲ್ಲೂಕು)

ಉತ್ತರ: ದಯವಿಟ್ಟು ಮಾಡ್ಬೇಡಿ. ಪನೀರು ಬೆಂಗಳೂರಲ್ಲಿ ಗಲ್ಲಿ ಗಲ್ಲಿಗೆ ಸಿಗತ್ತೆ, ನಿಮ್ಮನೆ ಅಪ್ಪೆಹುಳಿ ಎಲ್ಲಿ ಸಿಗತ್ತೆ ಹೇಳಿ. ನೀವು ಪನೀರ್ ಶುರು ಮಾಡಿದ ದಿನಾನೇ ನಿಮ್ಮ ಖರ್ಚಿನ ಅರ್ಧ ಸಾಗರ ಪೇಟೆಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗೋಕೆ ಶುರುವಾಗತ್ತೆ. ತಂಬುಳಿಗೆ ಒಂದೆಲಗ ಹಿತ್ತಲಲ್ಲೇ ಇದೆ, ಮಳೆಗಾಲದಲ್ಲಿ ಕಳಲೆ, ಬೇಸಿಗೆಗೆ ಹಲಸಿನಕಾಯಿ ಹಪ್ಪಳ, ಭರಣಿ ತುಂಬಾ ಅಪ್ಪೆಮಿಡಿ ಉಪ್ಪಿನಕಾಯಿ. ಮಕ್ಕಳಿಗೆ ನೀರ್‌ದೋಸೆ ಜೊತೆ ಕಾಯಿ ಬೆಲ್ಲ ಕೊಟ್ಟು ನೋಡಿ, ನೂಡಲ್ಸ್ ಮಾತೇ ಬರಲ್ಲ.

ಇನ್ನೊಂದು ಮಾತು. ಆಲೆಮನೆ ಸೀಸನ್ನಲ್ಲಿ ಬಂದವ್ರಿಗೆ ತೊಡದೇವು ಮಾಡಿ ತೋರ್ಸಿ, ಬರೀ ತಟ್ಟೆಗೆ ಹಾಕಿ ಕೊಡೋದಲ್ಲ, ಒಲೆ ಮುಂದೆ ಕೂರ್ಸಿ ತೋರ್ಸಿ. ಬೋರಲು ಹಾಕಿದ ಮಡಕೆ ಕೆಳಗೆ ಬೆಂಕಿ, ಕಬ್ಬಿನಹಾಲಲ್ಲಿ ಕಲಸಿದ ತೆಳು ಅಕ್ಕಿಹಿಟ್ಟು, ಕೋಲಿಗೆ ಸುತ್ತಿದ ಬಟ್ಟೆ ಅದರಲ್ಲಿ ಅದ್ದಿ ಮಡಕೆ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆದ್ರೆ ಕಾಗದಕ್ಕಿಂತ ತೆಳ್ಳಗೆ ಏಳತ್ತೆ, ತುಪ್ಪ ಸವರಿ ಬಿಸಿ ಇರುವಾಗ್ಲೇ ಮಡಚ್ಬೇಕು, ಒಂದು ಕ್ಷಣ ತಡ ಆದ್ರೆ ಪುಡಿ ಪುಡಿ. ಈ ಕೈ ಎಲ್ರಿಗೂ ಬರಲ್ಲ. ನಿಮ್ಮೂರಲ್ಲಿ ಚೆನ್ನಾಗಿ ಬರೋ ಅಜ್ಜಿಯೋ ಚಿಕ್ಕಮ್ಮನೋ ಇದ್ರೆ ಅವ್ರನ್ನ ಕರೆಸಿ, ಅತಿಥಿಗಳಿಂದ ಅದಕ್ಕೆ ಬೇರೆ ದುಡ್ಡು ತಗೊಂಡು ಪೂರ್ತಿ ಅವ್ರ ಕೈಗೇ ಕೊಡಿ. ಹಪ್ಪಳ ಸಂಡಿಗೆ ಉಪ್ಪಿನಕಾಯಿ ಕೂಡ ಊರಿನ ಸ್ತ್ರೀಶಕ್ತಿ ಸಂಘದವ್ರ ಹತ್ರ ತರಿಸಿ ಒಂದು ಶೆಲ್ಫಲ್ಲಿ ಇಡಿ. ನಿಮ್ಮ ಎರಡು ರೂಮಿಂದ ನಾಲ್ಕು ಮನೆಗೆ ಕೆಲಸ ಸಿಕ್ಕಿದ್ರೆ ಊರಿನವ್ರು ನಿಮ್ಮ ಅತಿಥಿಗಳನ್ನ ತಮ್ಮ ಅತಿಥಿಗಳ ಹಾಗೇ ನೋಡ್ಕೊಳ್ತಾರೆ, ಇಲ್ದಿದ್ರೆ ಕಾರು ಬಂದಾಗೆಲ್ಲಾ ಗೊಣಗ್ತಾರೆ, ಅದು ಸಹಜ. ಬುಕಿಂಗ್ ಮಾಡುವಾಗ್ಲೇ ನಮ್ಮನೇಲಿ ನಾವು ಉಣ್ಣೋ ಊಟಾನೇ ಅಂತ ಖಡಾಖಂಡಿತ ಹೇಳ್ಬಿಡಿ. ಪನೀರೇ ಬೇಕು ಅನ್ನೋರು ಬೇರೆ ಕಡೆ ಹೋಗ್ತಾರೆ, ಹೋಗ್ಲಿ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಪ್ರತಿ ವರ್ಷ ಮಕ್ಕಳನ್ನ ಟೂರ್ ಕರ್ಕೊಂಡು ಹೋಗೋದು, ವಾಟರ್ ಪಾರ್ಕ್, ಝೂ, ಮಾಲ್, ಇಷ್ಟೇ ಆಗಿದೆ. ಒಂದು ದಿನದಲ್ಲಿ ಮುಗಿಯೋ ಹಾಗೆ, ಮಕ್ಕಳಿಗೂ ಖುಷಿ ಆಗಿ ಅಲ್ಲಿನ ಜನಕ್ಕೂ ಉಪಯೋಗ ಆಗೋ ಜಾಗ ಹೇಳ್ತೀರಾ? (ಮೈಸೂರು)

ಉತ್ತರ: ನಿಮಗೆ ಹತ್ರಾನೇ ಇದೆ, ಚನ್ನಪಟ್ಟಣ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಬೈಪಾಸ್ ಆಗೋದ್ವು. ನಮಗೆ ಟೈಮ್ ಉಳೀತು ನಿಜ, ಆದ್ರೆ ಹಳೇ ರಸ್ತೆ ಪಕ್ಕ ಗೊಂಬೆ ಅಂಗಡಿ, ಮದ್ದೂರು ವಡೆ ಹೋಟೆಲು ಇಟ್ಕೊಂಡಿದ್ದವ್ರಿಗೆ ವ್ಯಾಪಾರ ಬಿದ್ದೋಯ್ತು. ದಾರಿಯಲ್ಲಿ ಹೋಗೋರು ನಿಲ್ಲಿಸಿ ಕೊಳ್ತಿದ್ದ ದುಡ್ಡು ಅದು, ಈಗ ಬೇಕು ಅಂತ ಎಕ್ಸಿಟ್ ತಗೊಂಡ್ರೆ ಮಾತ್ರ ಅವ್ರಿಗೆ ಸಿಗತ್ತೆ. ಹಾಗಾಗಿ ನಿಮ್ಮ ಬಸ್ ಡ್ರೈವರ್‌ಗೆ ಮೊದ್ಲೇ ಹೇಳಿಡಿ, ಊರೊಳಗಿನ ರಸ್ತೇಲಿ ಹೋಗೋದು ಅಂತ.

ಅಂಗಡಿಯಿಂದ ಶುರು ಮಾಡ್ಬೇಡಿ, ಕಲಾನಗರದ ಕಡೆ ಗೊಂಬೆ ಮಾಡೋ ಮನೆಗಳಿಗೇ ಹೋಗಿ, ಒಂದು ವಾರ ಮುಂಚೆ ಮಾತಾಡಿಕೊಂಡು ಹೋಗೋದು ಒಳ್ಳೇದು, ಯಾಕಂದ್ರೆ ಐವತ್ತು ಮಕ್ಕಳು ಒಂದೇ ಸಲ ನುಗ್ಗಿದ್ರೆ ಕೆಲಸ ನಿಂತುಹೋಗತ್ತೆ. ಲೇತ್ ಮೇಲೆ ತಿರುಗ್ತಿರೋ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳತ್ತೆ, ಬ್ರಷ್ಷೂ ಇಲ್ಲ ಪೇಂಟೂ ಇಲ್ಲ. ಆಮೇಲೆ ಒಂದು ತಾಳೆಗರಿ ತುಂಡು ತಗೊಂಡು ಉಜ್ಜಿದ್ರೆ ಹೊಳಪು ಬರತ್ತೆ. ಫಿಸಿಕ್ಸ್ ಟೀಚರ್ ಜೊತೇಲಿದ್ರೆ ಘರ್ಷಣೆ ಪಾಠ ಅಲ್ಲೇ ಮುಗೀತು. ಮಕ್ಕಳು ಲೇತ್ ಹತ್ರ ಕೈ ಹಾಕದ ಹಾಗೆ ಮಾತ್ರ ನೋಡ್ಕೊಳ್ಳಿ. ಈ ಕೆಲಸದಲ್ಲಿ ಹೆಂಗಸರೂ ತುಂಬಾ ಜನ ಇದಾರೆ, ಅವ್ರ ಹತ್ರ ಮಕ್ಕಳನ್ನ ಮಾತಾಡಿಸಿ. ತೋರಿಸಿದ್ದಕ್ಕೆ ಅಂತ ಸ್ಕೂಲ್ ಫಂಡಿಂದ ದುಡ್ಡು ಕೊಡ್ಬೇಕು, ಅವ್ರ ಅರ್ಧ ದಿನದ ಕೂಲಿ ಅದು. ಪುಕ್ಕಟೆ ಪಾಠ ಮಾಡಿ ಅಂತ ಯಾರನ್ನೂ ಕೇಳೋ ಹಾಗಿಲ್ಲ. ಗೊಂಬೆ ಕೊಳ್ಳುವಾಗ ಅಲ್ಲೇ, ಮಾಡಿದವ್ರ ಹತ್ರಾನೇ ಕೊಳ್ಳಿ, ಅಂಗಡಿಗಳಲ್ಲಿ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಆಟಿಕೆನೂ ಜೊತೆ ಸೇರ್ಸಿ ಇಟ್ಟಿರ್ತಾರೆ. ಮಧ್ಯಾಹ್ನಕ್ಕೆ ಮದ್ದೂರಲ್ಲಿ ವಡೆ, ವಾಪಸ್ ಮೈಸೂರು. ಟೂರ್ ಫೀಸು ವಾಟರ್ ಪಾರ್ಕಿಗಿಂತ ಕಮ್ಮಿನೇ ಆಗತ್ತೆ.

ಪ್ರಶ್ನೆ: ಮುಂದಿನ ತಿಂಗಳು ಹಂಪಿಗೆ ಹೋಗ್ತಿದೀವಿ, ಬೆಳಗ್ಗೆ ಹೋಗಿ ರಾತ್ರಿ ವಾಪಸ್, ಇಬ್ರು ಮಕ್ಕಳು, ಅತ್ತೆ ಮಾವ. ಇಷ್ಟರಲ್ಲೇ ಅಲ್ಲಿನವ್ರಿಗೆ ಸಹಾಯ ಆಗೋ ಹಾಗೆ ಹೇಗೆ ನೋಡೋದು? (ದಾವಣಗೆರೆ)

ಉತ್ತರ: ಒಂದು ರಾತ್ರಿ ಉಳ್ಕೊಳ್ಳಿ, ಇದೇ ನನ್ನ ಮೊದಲ ಮಾತು. ಬೆಳಗ್ಗೆ ಬಂದು ಸಂಜೆ ಹೋಗೋ ಕಾರಿಂದ ಹಂಪಿಗೆ ಪಾರ್ಕಿಂಗ್ ದುಡ್ಡು, ಎರಡು ಎಳನೀರಿನ ದುಡ್ಡು ಸಿಗತ್ತೆ. ರಾತ್ರಿ ಉಳಿದವ್ರು ಊಟ ಮಾಡ್ತಾರೆ, ಬೆಳಗ್ಗೆ ತಿಂಡಿ ತಿಂತಾರೆ, ಸೈಕಲ್ ಬಾಡಿಗೆಗೆ ತಗೋತಾರೆ, ಸುಮ್ನೆ ಕೂತು ಮಾತಾಡ್ತಾರೆ. ಅತ್ತೆ ಮಾವನಿಗೂ ಆ ಬಿಸಿಲಲ್ಲಿ ಒಂದೇ ದಿನಕ್ಕೆ ಎಲ್ಲಾ ಓಡಾಡೋದು ಕಷ್ಟ.

ಹಂಪಿ ಬಗ್ಗೆ ಒಂದು ವಿಷಯ ತಿಳ್ಕೊಂಡು ಹೋಗಿ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದು, ಕಾಪಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಮನೆ ಅಂಗಡಿ ಮಾಡ್ಕೊಂಡಿದ್ದ ಕುಟುಂಬಗಳನ್ನ 2011ರಲ್ಲಿ ಎಬ್ಬಿಸಿದ್ರು, ನಮ್ಮ ಫೋಟೋದಲ್ಲಿ ಖಾಲಿಯಾಗಿ ಚೆಂದ ಕಾಣೋ ಆ ಬೀದಿಯಲ್ಲಿ ದೋಸೆ ಹುಯ್ತಿದ್ರು, ಮಕ್ಕಳು ಸ್ಕೂಲಿಗೆ ಹೊರಡ್ತಿದ್ರು. ಕಲ್ಲು ಉಳಿಸುವಾಗ ಅದರ ಜೊತೆ ಬದುಕಿದವ್ರಿಗೂ ಒಂದು ಪಾಲು ಇರಬೇಕಲ್ವಾ, ಅದಕ್ಕೇ ನಾನು ಹಂಪಿಗೆ ಹೋಗೋರಿಗೆಲ್ಲಾ ಲೋಕಲ್ ಗೈಡ್ ತಗೊಳ್ಳಿ ಅಂತ ಪದೇ ಪದೇ ಹೇಳೋದು. ಇಲಾಖೆ ಐಡಿ ಕಾರ್ಡ್ ಇರೋ ಗೈಡ್ ಕೇಳಿ. ಯೂಟ್ಯೂಬ್ ನೋಡ್ಕೊಂಡು ಹೋದ್ರೆ ಕಲ್ಲಿನ ರಥ ಕಾಣತ್ತೆ, ಗೈಡ್ ಜೊತೆ ಹೋದ್ರೆ ಯಾವ ಜಾತ್ರೆಗೆ ಯಾವ ಊರಿನವ್ರು ಎಲ್ಲಿ ಬೀಡು ಬಿಡ್ತಾರೆ ಅನ್ನೋದೂ ಕೇಳಬಹುದು. ವಿಜಯವಿಠ್ಠಲ ಗುಡಿ ಹತ್ರ ಬ್ಯಾಟರಿ ಗಾಡಿ ಓಡ್ಸೋರು ಅಲ್ಲಿನ ಹೆಣ್ಮಕ್ಕಳು, ಅತ್ತೆಯವ್ರನ್ನ ಅದರಲ್ಲೇ ಕರ್ಕೊಂಡು ಹೋಗಿ.

ಎರಡನೇ ದಿನ ಹೊಳೆ ದಾಟಿ ಆನೆಗೊಂದಿಗೆ ಹೋಗಿ. ಹಂಪಿಗಿಂತ ಹಳೇ ಊರು, ಜನ ವಾಸ ಇರೋ ಊರು. ಅಲ್ಲಿ ಕಿಷ್ಕಿಂದ ಟ್ರಸ್ಟ್ ಅಂತ 1997ರಿಂದ ಇದೆ, ಊರಿನ ಹೆಣ್ಮಕ್ಕಳಿಗೆ ಬಾಳೆನಾರಿನ ಕೆಲಸ ಕಲಿಸಿ ಬ್ಯಾಗು, ಚಾಪೆ, ಬುಟ್ಟಿ ಮಾಡಿಸ್ತಾರೆ. ಗೊನೆ ಕಡಿದ ಮೇಲೆ ಎಸೆಯೋ ಬಾಳೆದಿಂಡಿನ ಪಟ್ಟೆಯಿಂದ ಎಳೆ ತೆಗೆದು ಹೊಸೆಯೋದು. ಹರಿಗೋಲು ಹತ್ತೋದಾದ್ರೆ ಹೊಳೆ ಮಟ್ಟ ನೋಡ್ಕೊಂಡು, ಲೈಫ್ ಜಾಕೆಟ್ ಹಾಕ್ಕೊಂಡು ಹತ್ತಿ, ಡ್ಯಾಮಿಂದ ನೀರು ಬಿಟ್ಟಾಗ ಬೇಡ ಅಂದ್ರೆ ಒತ್ತಾಯ ಮಾಡ್ಬೇಡಿ. ಊಟಕ್ಕೆ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನೀವು ದಾವಣಗೆರೆಯವ್ರು, ನಿಮಗೆ ಹೇಳಿಕೊಡೋದು ಬೇಕಿಲ್ಲ.

ಪ್ರಶ್ನೆ: ನಾನು ಸಕಲೇಶಪುರ ಕಡೆಯವ್ನು, ವಯಸ್ಸು 26. ನಮ್ಮೂರಿಗೆ ಪ್ರವಾಸಿಗರು ಬರೋದೇ ಬೇಡ ಅನ್ಸಿಬಿಟ್ಟಿದೆ. ಶುಕ್ರವಾರ ರಾತ್ರಿಯಿಂದ ಡಿಜೆ, ಹಳ್ಳದೊಳಗೆ ಜೀಪ್ ಓಡ್ಸೋದು, ಬಾಟಲಿ ಒಡೆದು ಹಾಕೋದು. ಬೆಳಗ್ಗೆ ಕೆಲಸಕ್ಕೆ ಬರೋ ಹೆಂಗಸರ ಕಾಲಿಗೆ ಗಾಜು ಚುಚ್ಚತ್ತೆ. ಮಾತಾಡಿದ್ರೆ ‘ಟೂರಿಸಂ ಇಂದ ಊರಿಗೆ ಡೆವಲಪ್‌ಮೆಂಟ್’ ಅಂತಾರೆ. (ಸಕಲೇಶಪುರ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕೆಲಸಕ್ಕೆ ಹೋಗೋ ಹೆಂಗಸರ ಕಾಲಿಗೆ ಗಾಜು ಚುಚ್ಚೋದನ್ನ ಡೆವಲಪ್‌ಮೆಂಟ್ ಅಂತ ಕರೆಯೋಕೆ ನನಗೂ ಸಾಧ್ಯ ಇಲ್ಲ. ಅದರ ಮೇಲೆ ನಿಮ್ಮದು ಆನೆ ಓಡಾಡೋ ಜಾಗ, ಕತ್ತಲಾದ ಮೇಲೆ ಅಷ್ಟು ಗದ್ದಲ ಮಾಡಿದ್ರೆ ಆನೆ ದಾರಿ ತಪ್ಪಿ ಲೈನ್ ಮನೆ ಕಡೆ ಬರತ್ತೆ, ಅನುಭವಿಸೋರು ಅಲ್ಲಿ ಮಲಗಿರೋ ಕೂಲಿಯವ್ರು.

ಕೆಲವು ಕೆಲಸ ಮಾಡಬಹುದು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗಡೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, 112ಕ್ಕೆ ಫೋನ್ ಮಾಡಿ, ಪ್ರತಿ ಸಲ ಮಾಡಿ, ಒಂದ್ಸಲ ಮಾಡಿ ಬಿಟ್ರೆ ಏನೂ ಆಗಲ್ಲ. ಎರಡನೇದು ಗ್ರಾಮಸಭೆ. ಎಷ್ಟು ಹೋಮ್‌ಸ್ಟೇ ಇವೆ, ಯಾವುದಕ್ಕೆ ರಿಜಿಸ್ಟ್ರೇಷನ್ ಇದೆ, ಪಂಚಾಯ್ತಿಗೆ ಎಷ್ಟು ತೆರಿಗೆ ಬರ್ತಿದೆ, ಕಸ ಎಲ್ಲಿಗೆ ಹೋಗ್ತಿದೆ ಅಂತ ಬರವಣಿಗೆಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಎಂಟ್ರಿ ಆಗೋ ತನಕ ಏಳ್ಬೇಡಿ. ಒಬ್ರೇ ಹೋಗ್ಬೇಡಿ, ಆ ಕೆಲಸಕ್ಕೆ ಬರೋ ಹೆಂಗಸರನ್ನೂ ಕರ್ಕೊಂಡು ಹೋಗಿ, ಅವ್ರ ಬಾಯಿಂದ ಬಂದ್ರೆ ಸಭೆಗೆ ತಟ್ಟತ್ತೆ. ಊರಲ್ಲೇ ಒಳ್ಳೇ ರೀತಿ ನಡೆಸೋ ಹೋಮ್‌ಸ್ಟೇಯವ್ರೂ ಇರ್ತಾರೆ, ಅವ್ರಿಗೂ ಈ ಡಿಜೆಯಿಂದ ಗೆಸ್ಟ್ ಕಮ್ಮಿ ಆಗ್ತಿರತ್ತೆ, ಅವ್ರು ನಿಮ್ಮ ಕಡೆಗೇ ಬರ್ತಾರೆ.

ಜನ ಕಮ್ಮಿ ಮಾಡೋದು ಸಾಧ್ಯಾನೇ ಇಲ್ಲ ಅಂತಾರಲ್ಲ, ಅದು ಸುಳ್ಳು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ತರ ಜನ ಸೇರಿದ ವಿಡಿಯೋ ಓಡಾಡಿದ ಮೇಲೆ ಅರಣ್ಯ ಇಲಾಖೆ ಟ್ರೆಕಿಂಗ್ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಇದ್ದವ್ರಿಗೆ ಮಾತ್ರ, ದಿನಕ್ಕೆ ಇಷ್ಟೇ ಜನ ಅಂತ ಮಾಡ್ತು. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ 7ರಿಂದ ಇ–ಪಾಸ್ ಬಂತು. ಉತ್ತರ ಕನ್ನಡದ ಕೆಲವು ಜಾಗಗಳಲ್ಲಿ ಪಾರ್ಕಿಂಗ್, ಎಂಟ್ರಿ ದುಡ್ಡು ಗ್ರಾಮ ಅರಣ್ಯ ಸಮಿತಿಯ ಕೈಗೆ ಬರತ್ತೆ, ಕಸ ಎತ್ತೋದು, ಕಾವಲು ಎಲ್ಲಾ ಊರಿನ ಹುಡುಗ್ರದ್ದೇ. ನಿಮ್ಮ ಹಳ್ಳದ ಜಾಗಕ್ಕೆ ಅಂಥದ್ದೊಂದು ಮಾಡೋಕಾಗತ್ತಾ ಅಂತ ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ಕೇಳಿ ನೋಡಿ. ಟೂರಿಸ್ಟು ಬೇಡ್ವೇ ಬೇಡ ಅನ್ನೋ ಬದಲು ನಮ್ಮ ಷರತ್ತಿಗೆ ಬನ್ನಿ ಅನ್ನೋ ಹಾಗಾದ್ರೆ ನಿಮ್ಮಂಥ 26ರ ಹುಡುಗ್ರಿಗೆ ಊರು ಬಿಡದೇ ಕೆಲಸ ಸಿಗತ್ತೆ. ಮುಂದೇನಾಯ್ತು ಅಂತ ಬರೀರಿ, ಖಂಡಿತ ಹಾಕ್ತೀನಿ.

ಪ್ರಶ್ನೆ: ಕಬಿನಿ ಕಡೆ ಹೋದಾಗ ನಮ್ಮ ಡ್ರೈವರ್ ಒಂದು ಹಾಡಿ (ಆದಿವಾಸಿಗಳ ಊರು) ತೋರಿಸ್ತೀನಿ ಅಂತ ಕರ್ಕೊಂಡು ಹೋದ್ರು. ಮಕ್ಕಳು ಓಡಿ ಬಂದ್ವು, ಚಾಕೊಲೇಟ್ ಕೊಟ್ವಿ, ಫೋಟೋ ತೆಗೆದ್ವಿ. ಮನೆಗೆ ಬಂದ್ಮೇಲೆ ಮಗಳು ಅದು ಸರಿಯಲ್ಲ ಅಂತಾಳೆ. (ಶಿವಮೊಗ್ಗ)

ಉತ್ತರ: ಮಗಳು ಹೇಳಿದ್ದು ಸರಿ ಇದೆ. ನಮ್ಮ ಬೀದಿಗೆ ಯಾರೋ ಜೀಪಲ್ಲಿ ಬಂದು ನಮ್ಮ ಮಕ್ಕಳ ಕೈಗೆ ತಿಂಡಿ ಕೊಟ್ಟು ಅಂಗಳದಲ್ಲಿ ಫೋಟೋ ತೆಗೆದ್ರೆ ನಾವು ಗಲಾಟೆ ಮಾಡ್ತೀವಿ. ಜೀಪ್ ಸದ್ದು ಕೇಳಿದ್ರೆ ಸ್ಕೂಲ್ ಬಿಟ್ಟು ಓಡಿ ಬರೋ ಅಭ್ಯಾಸ ಮಕ್ಕಳಿಗೆ ಆಗತ್ತೆ. ಹಾಡಿಯವ್ರೇ ಕರೆದ್ರೆ, ಅಥವಾ ಅವ್ರಲ್ಲೇ ಒಬ್ರು ಗೈಡ್ ಆಗಿ ಕರ್ಕೊಂಡು ಹೋದ್ರೆ ಹೋಗಿ.

ಆ ಜನಕ್ಕೆ ಇದು ಬರೀ ಚಾಕೊಲೇಟಿನ ವಿಷಯ ಅಲ್ಲ. ನಾಗರಹೊಳೆ ನ್ಯಾಷನಲ್ ಪಾರ್ಕ್ ಒಳಗೆ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಬರೋದಿತ್ತು 90ರ ದಶಕದಲ್ಲಿ. ಇತ್ತ ಜೇನುಕುರುಬರು, ಬೆಟ್ಟಕುರುಬರಿಗೆ ಕಾಡಿಂದ ಹೊರಗೆ ಹೋಗಿ ಅಂತಿದ್ರು, ಅತ್ತ ಅದೇ ಕಾಡಲ್ಲಿ ಹೋಟೆಲು. ಆದಿವಾಸಿ ಸಂಘಟನೆಯವ್ರು ಹೋರಾಡಿ ಕೋರ್ಟಿಗೆ ಹೋದ್ರು, 1997ರಲ್ಲಿ ನಮ್ಮ ಹೈಕೋರ್ಟು ಅದನ್ನ ನಿಲ್ಲಿಸ್ತು. ಅಂಥ ಜನರನ್ನ ಸಫಾರಿಯ ಒಂದು ಸ್ಟಾಪ್ ಮಾಡೋದು ಬೇಡ. ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಎಚ್.ಡಿ. ಕೋಟೆ ಕಡೆ, ಬಿಳಿಗಿರಿರಂಗನ ಬೆಟ್ಟದ ಕಡೆ ಗಿರಿಜನರ ಲ್ಯಾಂಪ್ಸ್ ಅನ್ನೋ ಸಹಕಾರಿ ಸೊಸೈಟಿಗಳಿವೆ, ಅಲ್ಲಿ ಜೇನುತುಪ್ಪ ಕೊಳ್ಳಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರೋದು, ಡಿಸೆಂಬರಲ್ಲಿ ಮೂರು ವಾರ ಬರ್ತಿದೀವಿ. ಮಕ್ಕಳಿಗೆ 14 ಮತ್ತೆ 10. ಒಂದು ವಾರ ಯಾವ್ದಾದ್ರೂ ಹಳ್ಳಿ ಶಾಲೇಲಿ ಮಕ್ಕಳು ಇಂಗ್ಲಿಷ್ ಹೇಳಿಕೊಡೋ ಹಾಗೆ ವಾಲಂಟಿಯರ್ ಮಾಡಿಸೋ ಆಸೆ. ಎಲ್ಲಿ ಒಳ್ಳೇದು? (ನ್ಯೂಜೆರ್ಸಿ)

ಉತ್ತರ: ಆಸೆ ಒಳ್ಳೇದೇ, ಆದ್ರೆ ಒಂದು ವಾರದ ಮೇಷ್ಟ್ರಿಂದ ಶಾಲೆಗೆ ಕಷ್ಟಾನೇ ಜಾಸ್ತಿ. ಡಿಸೆಂಬರ್ ಅಂದ್ರೆ ಸಿಲಬಸ್ ಮುಗ್ಸೋ ಒತ್ತಡ, ಅದರ ಮಧ್ಯೆ ನಿಮ್ಮನ್ನ ನೋಡ್ಕೊಳ್ಳೋ ಕೆಲಸ ಬೇರೆ. ಅನಾಥಾಶ್ರಮಕ್ಕಂತೂ ಹೀಗೆ ಹೋಗ್ಲೇಬೇಡಿ, ಬಂದು ಮುದ್ದು ಮಾಡಿ ಹೊರಟುಹೋಗೋರನ್ನ ಆ ಮಕ್ಕಳು ಎಷ್ಟು ಜನ ಅಂತ ನೋಡ್ಬೇಕು.

ಅದರ ಬದಲು ಆ ಒಂದು ವಾರ ಒಂದೇ ಊರಲ್ಲಿ ಕಳೀರಿ, ನಿಮ್ಮ ಮಕ್ಕಳು ಕಲಿಯೋಕೆ ಹೋಗ್ಲಿ. ನಾನು ಜೋಯಿಡಾ ಹೇಳ್ತೀನಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ತಾಲ್ಲೂಕು. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿ ವಾಪಸ್ ಹೋಗೋರೇ ಜಾಸ್ತಿ, ಇನ್ನೂ ಒಳಗೆ ಹೋದ್ರೆ ಕುಣಬಿ ಸಮುದಾಯದವ್ರ ಹಳ್ಳಿಗಳು, ಅಲ್ಲೂ ಸಣ್ಣ ಹೋಮ್‌ಸ್ಟೇಗಳಿವೆ. ಕುಣಬಿಯವ್ರು ಬೆಳೆಯೋ ಗೆಡ್ಡೆ ಗೆಣಸುಗಳ ತರಾವರಿ ನೋಡಿದ್ರೆ ಆಶ್ಚರ್ಯ ಆಗತ್ತೆ, ಮುಡ್ಲಿ ಅಂತ ಒಂದು ಕೆಸುವಿನ ಜಾತಿ ಗೆಡ್ಡೆ ಇದೆ, ಬೇಯಿಸಿ ತಿಂದ್ರೆ ಬೇರೆ ಊಟಾನೇ ಬೇಡ. ಚಳಿಗಾಲದಲ್ಲಿ ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯತ್ತೆ, ಹೆಂಗಸರು ತಾವೇ ಅಗೆದು ತಂದು ರಾಶಿ ಹಾಕಿ ಕೂತಿರ್ತಾರೆ. ನಿಮ್ಮ ದಿನಗಳಿಗೆ ಹೊಂದಿದ್ರೆ ತಪ್ಪಿಸ್ಬೇಡಿ, ತಾರೀಖು ಮೊದ್ಲೇ ವಿಚಾರಿಸಿ. ನಾಲ್ಕೈದು ದಿನ ಒಂದೇ ಮನೇಲಿದ್ರೆ ಮಕ್ಕಳಿಗೆ ಗೆಳೆಯರು ಸಿಗ್ತಾರೆ, ಇಂಗ್ಲಿಷೂ ಕನ್ನಡವೂ ಕೊಂಕಣಿಯೂ ತಾನಾಗೇ ಕೊಡು ಕೊಳ್ಳು ಆಗತ್ತೆ. ಶಾಲೆಗೆ ಏನಾದ್ರೂ ಕೊಡ್ಲೇಬೇಕಂದ್ರೆ ಹೆಡ್‌ಮೇಷ್ಟ್ರನ್ನೋ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಯವ್ರನ್ನೋ ಕೇಳಿ ಅವ್ರು ಹೇಳಿದ್ದು ಕೊಡಿ, ಸೂಟ್‌ಕೇಸಲ್ಲಿ ಹಳೇ ಬಟ್ಟೆ ತುಂಬ್ಕೊಂಡು ಬರೋದು ಬೇಡ.

ಪ್ರಶ್ನೆ: ಬೀದರ್‌ಗೆ ಹೋದಾಗ ಒಂದು ಬಿದ್ರಿ ಹೂದಾನಿ ರೇಟು ಕೇಳಿ ಗಾಬರಿ ಆಯ್ತು. ಚೌಕಾಸಿ ಮಾಡಿ ಅರ್ಧಕ್ಕೆ ಕೇಳಿದೆ, ಕೊಡ್ಲಿಲ್ಲ, ಬಿಟ್ಟು ಬಂದೆ. ಕಲಾವಿದರ ಹತ್ರ ಚೌಕಾಸಿ ಮಾಡೋದು ತಪ್ಪಾ? (ಕಲಬುರಗಿ)

ಉತ್ತರ: ವಿಚಾರಿಸೋದು ತಪ್ಪಲ್ಲ, ಅರ್ಧಕ್ಕೆ ಕೇಳೋದು ತಪ್ಪು. ಅವ್ರು ಕೊಡ್ಲಿಲ್ಲ ಅಂದ್ರೆ ರೇಟು ನಿಜವಾದದ್ದು ಅಂತಾನೇ ಅರ್ಥ. ಸತು, ತಾಮ್ರ ಕರಗಿಸಿ ಮಣ್ಣಿನ ಅಚ್ಚಲ್ಲಿ ಎರಕ ಹುಯ್ದು, ಉಜ್ಜಿ ನುಣುಪು ಮಾಡಿ, ಉಳಿಯಲ್ಲಿ ಚಿತ್ತಾರ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದು, ಕೊನೆಗೆ ಬೀದರ್ ಕೋಟೆಯ ಮಣ್ಣು ಕಲಸಿದ ಬಿಸಿ ನೀರಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ನಿಲ್ಲತ್ತೆ. ಎರಕದವ್ರು, ಕೊರೆಯೋರು, ಬೆಳ್ಳಿ ಕೂರಿಸೋರು, ಒಂದು ಹೂದಾನಿ ಹಿಂದೆ ಎಷ್ಟೊಂದು ಕೈ ಇರತ್ತೆ, ಬೆಳ್ಳಿ ರೇಟು ಈಗ ಎಷ್ಟಾಗಿದೆ ಅಂತ ನಿಮಗೂ ಗೊತ್ತು.

ಬಜೆಟ್ ಇಲ್ದಿದ್ರೆ ಹೂದಾನಿನೇ ಬೇಕಂತೇನಿಲ್ಲ, ಕೀ ಚೈನ್, ಬಳೆ, ಸಣ್ಣ ಡಬ್ಬಿ ಸಿಗತ್ತೆ, ಪೂರ್ತಿ ರೇಟು ಕೊಟ್ಟು ತಗೊಳ್ಳಿ. ನಿಮಗೆ ಬೀದರ್ ದೂರ ಇಲ್ಲ, ಮುಂದಿನ ಸಲ ಶೋರೂಮ್ ಬಿಟ್ಟು ಹಳೇ ಊರಿನ ಗಲ್ಲಿಗಳ ಕಾರ್ಖಾನೆಗಳಿಗೆ ಹೋಗಿ, ಕೆಲಸ ಮಾಡ್ತಿರೋರ ಪಕ್ಕ ಕೂತು ನೋಡಿ. ಹೂದಾನಿನೇ ಮನಸ್ಸಲ್ಲಿ ಕೂತಿದ್ರೆ ಅಡ್ವಾನ್ಸ್ ಕೊಟ್ಟು ಆರ್ಡರ್ ಮಾಡಿ, ಎರಡು ಮೂರು ತಿಂಗಳಲ್ಲಿ ಕಂತಾಗಿ ಕೊಡ್ತೀನಿ ಅಂತ ಕೇಳಿ ನೋಡಿ. ಅರ್ಧ ರೇಟಿಗೆ ಒಪ್ಪದವ್ರು ಕಂತಿಗೆ ಒಪ್ಪಬಹುದು.